ಮೇ ತಿಂಗಳ ಬಿಸಿಲಿಗೂ ಜಗ್ಗದ ಗಿಗಾಹರ್ಟ್ಸ್

ಯಾದಗಿರಿ ಜಿಲ್ಲೆಯ ಕಕ್ಕೇರಾದಲ್ಲಿ ಡಿಸೆಂಬರ್ ರಾತ್ರಿ 5 ಗಿಗಾಹರ್ಟ್ಸ್ ವೇಗದಲ್ಲಿ ತಕರಾರಿಲ್ಲದೆ ಓಡಿದ ಪ್ರೊಸೆಸರ್, ಮೇ ತಿಂಗಳ ಮಧ್ಯಾಹ್ನ ಅದೇ ವೇಗದಲ್ಲಿ ಹತ್ತು ನಿಮಿಷವೂ ನಿಲ್ಲದಿರಬಹುದು. ಚಿಪ್ಪೂ ಅದೇ, ಸೆಟ್ಟಿಂಗೂ ಅದೇ. ಬದಲಾದದ್ದು ಕೋಣೆಯ ಗಾಳಿ. ಸುರಪುರ, ಶಹಾಪುರ ಸೀಮೆಯಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವರ್ಷವರ್ಷದ ಮಾತು. ಓವರ್‌ಕ್ಲಾಕ್ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು 20–25 ಡಿಗ್ರಿಯ ತಂಪು ಕೋಣೆಗಳಲ್ಲಿ ಹುಟ್ಟಿದವು. ಅಲ್ಲಿನ ಅಂಕಿಗಳನ್ನು ಇದ್ದ ಹಾಗೇ ಇಲ್ಲಿಗೆ ತಂದರೆ ಲೆಕ್ಕ ತಪ್ಪುತ್ತದೆ.

ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದೇ ಓವರ್‌ಕ್ಲಾಕ್. ಇಂದಿನ ಡೆಸ್ಕ್‌ಟಾಪ್‌ಗಳಲ್ಲಿ ಮೂಲ ಗಡಿಯಾರ 100 ಮೆಗಾಹರ್ಟ್ಸ್. ಅದನ್ನು ಗುಣಕವೊಂದು ಹೆಚ್ಚಿಸುತ್ತದೆ. ಗುಣಕ 49 ಇದ್ದರೆ ವೇಗ 4.9 ಗಿಗಾಹರ್ಟ್ಸ್, 50 ಮಾಡಿದರೆ 5. ಇಂಟೆಲ್ ಈ ಗುಣಕವನ್ನು ಸಾಮಾನ್ಯವಾಗಿ ಹೆಸರಿನ ಕೊನೆಯ ಅಕ್ಷರಗಳಲ್ಲಿ 'ಕೆ' ಇರುವ ಚಿಪ್‌ಗಳಲ್ಲಿ ಮಾತ್ರ ತೆರೆದಿಡುತ್ತದೆ, ಜೊತೆಗೆ 'ಝಡ್' ಸರಣಿಯ ಮದರ್‌ಬೋರ್ಡ್ ಬೇಕು. ಎಎಂಡಿಯ ರೈಜನ್ ಚಿಪ್‌ಗಳಲ್ಲಿ ಬಹುಪಾಲು ತೆರೆದೇ ಇರುತ್ತವೆ, ಆದರೆ ಅಗ್ಗದ 'ಎ' ಸರಣಿಯ ಬೋರ್ಡ್‌ಗಳು ಒಪ್ಪುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ಬಿಡಿಭಾಗ ತರಿಸುವವರು ದುಡ್ಡು ಕೊಡುವ ಮೊದಲೇ ಈ ಅಕ್ಷರಗಳನ್ನು ನೋಡಿಕೊಳ್ಳಬೇಕು.

ಈ ಹವ್ಯಾಸಕ್ಕೆ ದೊಡ್ಡ ಹೆಸರು ತಂದದ್ದು 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ. 300 ಮೆಗಾಹರ್ಟ್ಸ್‌ನ ಈ ಅಗ್ಗದ ಚಿಪ್‌ಗೆ ಬಸ್ ವೇಗವನ್ನು 66ರಿಂದ 100ಕ್ಕೆ ಏರಿಸಿದರೆ 450 ಮೆಗಾಹರ್ಟ್ಸ್ ಸಿಗುತ್ತಿತ್ತು. ಆ ಕಾಲದ ದುಬಾರಿ ಪೆಂಟಿಯಂ 2ರ ಹತ್ತಿರ ಹತ್ತಿರಕ್ಕೆ ಅದು ಬಂದು ನಿಂತಿತು. ಐವತ್ತು ಪ್ರತಿಶತ ಲಾಭ, ಅದೂ ಪುಕ್ಕಟೆ! ಅಂಥ ಕಾಲ ಈಗಿಲ್ಲ.

ಕಾರಣ ಸರಳ. ಹಿಂದೆ ತಯಾರಕರು ಉದಾರವಾಗಿ ಬಿಡುತ್ತಿದ್ದ ಸುರಕ್ಷತಾ ಅಂತರವನ್ನು ಇಂದಿನ ಚಿಪ್ 'ಬೂಸ್ಟ್' ಹೆಸರಿನಲ್ಲಿ ತಾನೇ ಬಳಸಿಕೊಳ್ಳುತ್ತದೆ. ಇಂಥ ವಿನ್ಯಾಸದ ಕೆಲಸ ಅಮೆರಿಕದಲ್ಲಷ್ಟೇ ನಡೆಯುವುದಿಲ್ಲ. 2008ರಲ್ಲಿ ಬಂದ ಇಂಟೆಲ್‌ನ ಆರು ಕೋರ್‌ಗಳ ಝಿಯಾನ್ 7400, 190 ಕೋಟಿ ಟ್ರಾನ್ಸಿಸ್ಟರ್‌ಗಳ ಸರ್ವರ್ ಚಿಪ್, ಬಹುಪಾಲು ರೂಪುಗೊಂಡದ್ದು ಬೆಂಗಳೂರಿನಲ್ಲಿ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದದ್ದೂ ಅಲ್ಲೇ. ಎಂಜಿನಿಯರುಗಳು ಬಿಟ್ಟ ಅಂತರ ಒಂದೊಂದು ಚಿಪ್‌ನಲ್ಲಿ ಒಂದೊಂದು ಬಗೆ. ಒಂದೇ ಪೆಟ್ಟಿಗೆಯ ಎರಡು ಚಿಪ್‌ಗಳೂ ಒಂದೇ ವೇಗಕ್ಕೆ ಏರಬೇಕೆಂದಿಲ್ಲ. ಹವ್ಯಾಸಿಗಳು ಇದನ್ನು ಸಿಲಿಕಾನ್ ಲಾಟರಿ ಎನ್ನುತ್ತಾರೆ. ಹಾಗಾಗಿ ಬೇರೆಯವರ ಸೆಟ್ಟಿಂಗ್ ನಕಲು ಮಾಡಿ ಪ್ರಯೋಜನವಿಲ್ಲ. ನಮ್ಮ ಚಿಪ್‌ನ ಮಿತಿಯನ್ನು ನಾವೇ ಹುಡುಕಬೇಕು.

ಹುಡುಕಾಟಕ್ಕೆ ಮೊದಲು ಬಿಸಿಯ ಲೆಕ್ಕ. ಪ್ರೊಸೆಸರ್ ತಿನ್ನುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದ ಪ್ರಮಾಣದಲ್ಲಿ ಏರುತ್ತದೆ. ವೇಗ 5 ಪ್ರತಿಶತ ಹೆಚ್ಚಿಸಲು ವೋಲ್ಟೇಜನ್ನು 10 ಪ್ರತಿಶತ ಏರಿಸಿದರೆ ಬಿಸಿ ಸುಮಾರು 27 ಪ್ರತಿಶತ ಹೆಚ್ಚುತ್ತದೆ. ಎಷ್ಟೇ ದುಬಾರಿ ಕೂಲರ್ ಹಾಕಿದರೂ, ಫ್ಯಾನಿನದಾಗಲಿ ನೀರಿನದಾಗಲಿ, ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಪೂರ್ಣ ಹೊರೆಯಲ್ಲಿ ಚಿಪ್ ಗಾಳಿಗಿಂತ 50 ಡಿಗ್ರಿ ಬಿಸಿಯಾಗುತ್ತದೆ ಎಂದುಕೊಳ್ಳಿ. 25 ಡಿಗ್ರಿಯ ಕೋಣೆಯಲ್ಲಿ ಅದು 75. ಅದೇ ಕೋಣೆ ಬೇಸಿಗೆಯಲ್ಲಿ 40 ಮುಟ್ಟಿದರೆ 90. ಬಿಸಿಯಾದಷ್ಟೂ ಟ್ರಾನ್ಸಿಸ್ಟರ್‌ಗಳಲ್ಲಿ ವಿದ್ಯುತ್ ಸೋರಿಕೆ ಹೆಚ್ಚುವುದರಿಂದ ನಿಜವಾದ ಅಂಕಿ ಇನ್ನೂ ತುಸು ಮೇಲಿರುತ್ತದೆ. ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಚಿಪ್‌ಗಳು 100 ಡಿಗ್ರಿಗೆ, ಎಎಂಡಿಯವು 90–95ಕ್ಕೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಆ ಗಡಿ ಮುಟ್ಟಿದ ಮೇಲೆ ಓವರ್‌ಕ್ಲಾಕ್ ಉಳಿಯುವುದು ಕಾಗದದ ಮೇಲೆ ಮಾತ್ರ.

ಕೆಲಸ ಶುರುವಾಗುವುದು ಏನನ್ನೂ ಬದಲಿಸದೆ. ಸಿನಿಬೆಂಚ್‌ನಂಥ ಪರೀಕ್ಷೆ ಓಡಿಸಿ, ಎಚ್‌ಡಬ್ಲ್ಯೂಇನ್ಫೊದಲ್ಲಿ ತಾಪ, ವೋಲ್ಟೇಜ್, ವೇಗ ಬರೆದಿಟ್ಟುಕೊಳ್ಳಬೇಕು. ಆಮೇಲೆ ಮದರ್‌ಬೋರ್ಡಿನ ಬಯಾಸ್‌ಗೆ ಹೋಗಿ ಗುಣಕವನ್ನು ಒಂದೊಂದೇ ಹೆಜ್ಜೆ ಏರಿಸಿ, ಪ್ರತಿ ಹೆಜ್ಜೆಗೂ ಹತ್ತು–ಹದಿನೈದು ನಿಮಿಷದ ಪರೀಕ್ಷೆ. ನೀಲಿ ಪರದೆ ಬಂದರೆ ಎರಡೇ ದಾರಿ: ಒಂದು ಹೆಜ್ಜೆ ಹಿಂದೆ ಸರಿಯುವುದು, ಇಲ್ಲವೇ ವೋಲ್ಟೇಜನ್ನು 0.01–0.02 ವೋಲ್ಟ್‌ನಷ್ಟು ಏರಿಸಿ ಮತ್ತೆ ನೋಡುವುದು. ರ‍್ಯಾಮ್ ವೇಗವನ್ನು ಈ ಹೊತ್ತಿನಲ್ಲಿ ಮುಟ್ಟಬಾರದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದೆಂದು ಗೊತ್ತಾಗುವುದಿಲ್ಲ.

ಕಂಪ್ಯೂಟರ್ ಆಫ್ ಆಗಲಿಲ್ಲ ಎಂದ ಮಾತ್ರಕ್ಕೆ ಅದು ಸ್ಥಿರವಾಗಿದೆ ಎಂದಲ್ಲ. ಅಂಚಿನಲ್ಲಿರುವ ಪ್ರೊಸೆಸರ್ ಕ್ರ್ಯಾಶ್ ಆಗುವುದಕ್ಕಿಂತ ಮೊದಲು ತಪ್ಪು ಲೆಕ್ಕ ಮಾಡತೊಡಗುತ್ತದೆ. ಮದುವೆಯ ವಿಡಿಯೊ ಎಡಿಟ್ ಮಾಡುವವರಿಗೆ ಇದು ರೆಂಡರ್ ಮಧ್ಯೆ ಕೆಟ್ಟ ಫ್ರೇಮಾಗಿಯೋ, ಬಿಚ್ಚಿಕೊಳ್ಳದ ಜಿಪ್ ಫೈಲಾಗಿಯೋ ಕಾಣಿಸಿಕೊಳ್ಳುತ್ತದೆ. ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು ಹುಟ್ಟಿದ ಪ್ರೈಮ್95 ಇಲ್ಲಿ ಕೆಲಸಕ್ಕೆ ಬರುವುದು ಅದಕ್ಕೇ. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಅದು ಪ್ರೊಸೆಸರಿನಿಂದ ಮಾಡಿಸುತ್ತದೆ, ಹೊಂದದಿದ್ದರೆ ಆ ಕೋರನ್ನು ನಿಲ್ಲಿಸಿ ತಪ್ಪು ತೋರಿಸುತ್ತದೆ. ಒಸಿಸಿಟಿ, ವೈ-ಕ್ರಂಚರ್ ಇದೇ ಕೆಲಸಕ್ಕಿರುವ ಬೇರೆ ಪರೀಕ್ಷಕರು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ 'ವೀಯಾ' ಹೆಸರಿನ ಎಚ್ಚರಿಕೆಗಳು ಬಿದ್ದಿದ್ದರೆ, ಮೇಲ್ನೋಟಕ್ಕೆ ಎಲ್ಲ ಸರಿಯಿದ್ದರೂ ಒಳಗೆ ದೋಷ ತಿದ್ದುವ ಓಡಾಟ ನಡೆದಿದೆ ಎಂದೇ ಅರ್ಥ. ಹಲವು ಗಂಟೆಗಳ ಪರೀಕ್ಷೆ ಪಾಸಾದ ಮೇಲೂ ಸಿಕ್ಕ ಗರಿಷ್ಠ ವೇಗದಿಂದ 100 ಮೆಗಾಹರ್ಟ್ಸ್ ಕೆಳಗಿಳಿದು ನಿಲ್ಲುವುದು ಜಾಣತನ. ಪರೀಕ್ಷೆ ಡಿಸೆಂಬರ್‌ನಲ್ಲಿ ನಡೆದಿದ್ದರೆ ಏಪ್ರಿಲ್‌ನಲ್ಲಿ, ಮಧ್ಯಾಹ್ನದ ಹೊತ್ತಿಗೆ, ಇನ್ನೊಮ್ಮೆ ನಡೆಯಬೇಕು. ಅಷ್ಟರಲ್ಲಿ ಹೀಟ್‌ಸಿಂಕ್‌ನ ರೆಕ್ಕೆಗಳಲ್ಲಿ ಕೂತ ದೂಳನ್ನೂ ತೆಗೆದಿರಬೇಕು. ಬಹುತೇಕ ಮದರ್‌ಬೋರ್ಡ್‌ಗಳು ಸೆಟ್ಟಿಂಗ್‌ಗಳನ್ನು ಪ್ರೊಫೈಲ್ ಆಗಿ ಉಳಿಸಿಕೊಳ್ಳುವುದರಿಂದ ಚಳಿಗಾಲಕ್ಕೊಂದು, ಬೇಸಿಗೆಗೊಂದು ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಕರೆಂಟಿನ ಲೆಕ್ಕವೂ ಉಂಟು. ಮಾರುಕಟ್ಟೆಯ ಸಾಮಾನ್ಯ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ಓವರ್‌ಕ್ಲಾಕ್ ಆದ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಒಟ್ಟಾಗಿ ಅದನ್ನು ಮೀರಿದರೆ ಕರೆಂಟು ಹೋದ ಗಳಿಗೆಯಲ್ಲೇ ಯಂತ್ರವೂ ಆಫ್. ಇನ್ನು, ಓವರ್‌ಕ್ಲಾಕ್‌ನಿಂದಾದ ಹಾನಿ ಇಂಟೆಲ್, ಎಎಂಡಿ ಎರಡರ ಮಾಮೂಲಿ ವಾರಂಟಿಗೂ ಹೊರಗು.

ಹೆಚ್ಚಿದ ವೋಲ್ಟೇಜು ಚಿಪ್ಪನ್ನು ಒಂದೇ ದಿನದಲ್ಲಿ ಸುಡುವುದು ಅಪರೂಪ. ಅದು ತಿಂಗಳುಗಟ್ಟಲೆ ಸವೆಸುತ್ತದೆ. 2024ರಲ್ಲಿ ಇದು ಜಗತ್ತಿಗೇ ಗೊತ್ತಾಯಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು, ಯಾರೂ ಓವರ್‌ಕ್ಲಾಕ್ ಮಾಡದಿದ್ದರೂ, ಹೆಚ್ಚಿನ ವೋಲ್ಟೇಜ್ ಮತ್ತು ತಾಪದಿಂದ ಸವೆದು ಅಸ್ಥಿರವಾದವು. ಕಂಪನಿ ಆಗಸ್ಟ್‌ನಲ್ಲಿ ಮೈಕ್ರೊಕೋಡ್ ತಿದ್ದುಪಡಿ ತಂದು, 1.55 ವೋಲ್ಟ್ ಮೀರಿದ ಬೇಡಿಕೆಗಳಿಗೆ ತಡೆ ಹಾಕಿತು. ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ಚಿಪ್‌ಗಳಿರುವವರು ಬೇರೆ ಯಾವ ಪ್ರಯೋಗಕ್ಕೂ ಮೊದಲು ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಬೇಕು, ಅದೂ ಯುಪಿಎಸ್ ಇಟ್ಟುಕೊಂಡೇ.

ಬಿಸಿಲ ನಾಡಿಗೆ ಹೆಚ್ಚು ಒಗ್ಗುವುದು ಓವರ್‌ಕ್ಲಾಕ್‌ಗೆ ತಿರುವುಮುರುವಾದ ಕೆಲಸ, ಅಂಡರ್‌ವೋಲ್ಟ್. ವೇಗ ಹಾಗೇ ಇಟ್ಟು ವೋಲ್ಟೇಜನ್ನು 5 ಪ್ರತಿಶತ ತಗ್ಗಿಸಿದರೆ ಬಿಸಿ ಹತ್ತು ಪ್ರತಿಶತದಷ್ಟು ಇಳಿಯುತ್ತದೆ. ಉಳಿದ ತಾಪದ ಅವಕಾಶವನ್ನು ಬೂಸ್ಟ್ ತಾನೇ ಬಳಸಿಕೊಂಡು ಹೆಚ್ಚು ಹೊತ್ತು ಮೇಲಿನ ವೇಗದಲ್ಲಿ ನಿಲ್ಲುತ್ತದೆ. ಎಎಂಡಿಯಲ್ಲಿ ಕರ್ವ್ ಆಪ್ಟಿಮೈಸರ್ ಇದಕ್ಕೆಂದೇ ಇದೆ. ಅಂಡರ್‌ವೋಲ್ಟ್‌ಗೂ ಮೇಲಿನ ಪರೀಕ್ಷೆಗಳೇ ಅನ್ವಯ. ವೋಲ್ಟೇಜ್ ಕಡಿಮೆಯಾದಾಗ ಕೆಲವು ಚಿಪ್‌ಗಳು ಹೊರೆಯಲ್ಲಿ ಅಲ್ಲ, ಸುಮ್ಮನೆ ಕೂತಾಗ ಕ್ರ್ಯಾಶ್ ಆಗುತ್ತವೆ.

ಎಷ್ಟು ಸಿಗುತ್ತದೆ ಎಂಬುದನ್ನೂ ನೋಡಬೇಕು. ಪೂರ್ತಿ ಪ್ರೊಸೆಸರ್ ಮೇಲೆ ನಿಂತ ಒಂದು ಗಂಟೆಯ ರೆಂಡರ್, ವೇಗ 5 ಪ್ರತಿಶತ ಹೆಚ್ಚಾದರೆ 57 ನಿಮಿಷಕ್ಕೆ ಮುಗಿಯುತ್ತದೆ. ದಿನಕ್ಕೆ ಎಂಟು–ಹತ್ತು ಗಂಟೆ ರೆಂಡರ್ ಇರುವ ಸ್ಟುಡಿಯೊಗೆ ಅದು ಹೆಚ್ಚುಕಡಿಮೆ ಅರ್ಧ ಗಂಟೆಯ ಉಳಿತಾಯ. ನುಡಿ ತಂತ್ರಾಂಶದಲ್ಲಿ ಅರ್ಜಿ ಟೈಪ್ ಮಾಡುವ, ಆನ್‌ಲೈನ್ ಫಾರಂ ತುಂಬುವ ಅಂಗಡಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಅಲ್ಲಿ ವ್ಯತ್ಯಾಸ ಮೊದಲ ದಿನವೇ ಕಾಣುತ್ತದೆ.