ಗುದ್ದಲಿ ಮುಟ್ಟದೆ ಕಂಡ ನಗರ

ರೋಮ್ ನಗರದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿ ಪುರಾತನ ಕೋಟೆಗೋಡೆಯೊಂದು ಬಯಲನ್ನು ಬಳಸಿ ನಿಂತಿದೆ. ಒಳಹೊಕ್ಕವನ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಹುಲ್ಲು, ಹೊಲ. ಆದರೆ ಆ ನೆಲದಡಿಯಲ್ಲಿ ಒಂದು ನಗರವೇ ಮಲಗಿದೆ. ಅದರ ಹೆಸರು ಫಲೇರಿಯಿ ನೋವಿ, ಕ್ರಿ. ಪೂ. 241ರಲ್ಲಿ ಹುಟ್ಟಿ, ಕ್ರಿ. ಶ. 700ರ ಸುಮಾರಿನವರೆಗೆ ಬಾಳಿದ ಪಟ್ಟಣ. ಕೋಟೆಯೊಳಗಣ 30.5 ಹೆಕ್ಟೇರು ನೆಲದ ನಕ್ಷೆಯನ್ನು ಕೇಂಬ್ರಿಜ್ ಮತ್ತು ಘೆಂಟ್ ವಿಶ್ವವಿದ್ಯಾಲಯಗಳ ವಿದ್ವಾಂಸರು 2020ರಲ್ಲಿ ಪ್ರಕಟಿಸಿದರು. ಸ್ನಾನಗೃಹ, ಮಾರುಕಟ್ಟೆ, ದೇವಾಲಯ, ಮನೆಗಳ ಅಡಿಯಲ್ಲೇ ಹಾಯ್ದ ನೀರಿನ ಕೊಳವೆಗಳು—ಎಲ್ಲವೂ ಅದರಲ್ಲಿ ಮೂಡಿದ್ದವು. ಇಷ್ಟಕ್ಕೂ ಒಂದು ಬುಟ್ಟಿ ಮಣ್ಣನ್ನೂ ಯಾರೂ ಎತ್ತಿರಲಿಲ್ಲ!

ಇದು ಭೂಭೇದಿ ರೇಡಾರಿನ ಕೆಲಸ. ಪುಟ್ಟ ವಾಹನವೊಂದು ರೇಡಾರ್ ಯಂತ್ರವನ್ನು ಎಳೆದುಕೊಂಡು ಹೊಲದ ಉದ್ದಗಲಕ್ಕೂ ಸಾಗಿತು; 12.5 ಸೆಂಟಿಮೀಟರಿಗೊಂದರಂತೆ ಅಳತೆಗಳು ದಾಖಲಾದವು. ಯಂತ್ರವು ನೆಲದೊಳಕ್ಕೆ ರೇಡಿಯೋ ಅಲೆಯನ್ನು ಬಿಡುತ್ತದೆ. ಗೋಡೆಯೋ ನೆಲಗಟ್ಟೋ ಎದುರಾದರೆ ಅಲೆಯ ಒಂದಂಶ ಹಿಂದಿರುಗುತ್ತದೆ. ಹೋಗಿಬರಲು ಹಿಡಿದ ಕಾಲವೇ ಆಳದ ಅಳತೆ. ಸಾಧಾರಣ ಮಣ್ಣಿನಲ್ಲಿ ಮೀಟರು ಆಳಕ್ಕೆ ಇಳಿದು ಮರಳಲು ಸುಮಾರು 20 ನ್ಯಾನೊಸೆಕೆಂಡು ಸಾಕು. ನ್ಯಾನೊಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು. ಒದ್ದೆಯಾದ ಜೇಡಿಮಣ್ಣು ಮಾತ್ರ ಈ ಅಲೆಯನ್ನು ನುಂಗಿಬಿಡುತ್ತದೆ.

ಆಳ ತಿಳಿದರೆ ಸಾಲದು, ಅಳತೆ ಯಾವ ಬಿಂದುವಿನಲ್ಲಿ ದೊರೆಯಿತೆಂಬುದೂ ಗೊತ್ತಿರಬೇಕು. ಜೇಬಿನ ಫೋನು ಉಪಗ್ರಹಗಳನ್ನು ಕೇಳಿ ಹೇಳುವ ಸ್ಥಳ ಕೆಲವು ಮೀಟರುಗಳಷ್ಟು ತಪ್ಪಬಹುದು. ದಾರಿಹೋಕನಿಗೆ ಅದೇನೂ ದೊಡ್ಡದಲ್ಲ. ಗೇಣಿಗಿಂತ ಕಡಿಮೆ ಅಂತರದ ಸಾಲುಗಳನ್ನು ಜೋಡಿಸಬೇಕಾದವನಿಗೆ ಗೋಡೆಯೇ ಚೂರುಚೂರಾಗಿ ಕಂಡೀತು. ಆದುದರಿಂದ ನಿಖರವಾಗಿ ಗೊತ್ತಿರುವ ಬಿಂದುವೊಂದರಲ್ಲಿ ಮತ್ತೊಂದು ಗ್ರಾಹಕವನ್ನು ನಿಲ್ಲಿಸುತ್ತಾರೆ. ಉಪಗ್ರಹದ ಮಾತಿನಲ್ಲಿರುವ ತಪ್ಪನ್ನು ಅದು ಕ್ಷಣಕ್ಷಣಕ್ಕೂ ಚಲಿಸುವ ಯಂತ್ರಕ್ಕೆ ತಿಳಿಸುತ್ತಿರುತ್ತದೆ. ತಪ್ಪು ಒಂದೆರಡು ಸೆಂಟಿಮೀಟರಿಗೆ ಇಳಿಯುತ್ತದೆ. ಮರದ ನೆರಳಿನಲ್ಲಿ, ಎತ್ತರದ ಗೋಡೆಯ ಮಗ್ಗುಲಲ್ಲಿ ಆಕಾಶ ಮರೆಯಾದಾಗ, ಮುಕ್ಕಾಲಿಯ ಮೇಲಿನ ಮೋಜಣಿ ಯಂತ್ರವು ಬೆಳಕಿನ ಕಿರಣ ಬಿಟ್ಟು ಬಂಡಿಯ ಮೇಲಣ ಪಟ್ಟಕವನ್ನು ಹಿಂಬಾಲಿಸುತ್ತ ಸ್ಥಳವನ್ನು ಅಳೆಯಬಲ್ಲದು.

ನೆಲದ ಏರುತಗ್ಗಿನ ತೊಡಕು ಬೇರೆ. ರೇಡಾರ್ ಆಳವನ್ನು ಎಣಿಸುವುದು ಮೇಲ್ಮೈಯಿಂದ. ಮೇಲೆ ದಿಬ್ಬವಿದ್ದರೆ ಕೆಳಗಿನ ಸಮತಟ್ಟಾದ ಅಂಗಳ ಡೊಂಕಾಗಿ ತೋರುತ್ತದೆ. ವಿಮಾನದಿಂದಲೋ ಮುಕ್ಕಾಲಿಯಿಂದಲೋ ಲೇಸರ್ ಹಾಯಿಸಿ ಮೇಲ್ಮೈಯ ಆಕಾರವನ್ನು ಮೊದಲೇ ಅಳೆದಿಟ್ಟರೆ ಆ ಡೊಂಕು ತಿದ್ದಿಹೋಗುತ್ತದೆ.

ಇಷ್ಟಾದರೂ ಒಳಗಿರುವುದು ‘ಎಲ್ಲಿ’ ಎಂಬುದಷ್ಟೇ ತಿಳಿದಂತಾಯಿತು. ‘ಏನು’ ಎಂಬುದು ಬೇರೆಯೇ ಪ್ರಶ್ನೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಶಿಲಾವೃತ್ತದಿಂದ ಮೂರು ಕಿಲೋಮೀಟರು ದೂರದಲ್ಲಿ ಡರಿಂಗ್ಟನ್ ವಾಲ್ಸ್ ಎಂಬ ಪ್ರಾಚೀನ ವರ್ತುಲಾಕಾರದ ಮಣ್ಣಿನ ದಿಣ್ಣೆಯಿದೆ. ಅದರಡಿಯಲ್ಲಿ ಸುಮಾರು 90 ಮಹಾಶಿಲೆಗಳು ಹುದುಗಿರಬಹುದೆಂದು 2015ರಲ್ಲಿ ಸಂಶೋಧಕರು ಸಾರಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಸಂಭ್ರಮಿಸಿದವು. ಮರುವರ್ಷ ಉತ್ಖನನ ನಡೆಯಿತು. ಶೋಧಕರ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು, ಏಕೆಂದರೆ 2015ರ ಶೋಧಕ್ಕೆ ಸೇರಿದವರೇ ಈ ಪರೀಕ್ಷೆಗೂ ಕೈಜೋಡಿಸಿದ್ದರು. ಯಂತ್ರ ತೋರಿದ ಸ್ಥಳದಲ್ಲಿ ಏನೋ ಇದ್ದುದು ದಿಟ. ಕಲ್ಲು ಮಾತ್ರ ಇರಲಿಲ್ಲ. ಅಲ್ಲಿದ್ದುವು ದೊಡ್ಡ ಮರದ ಕಂಬಗಳನ್ನು ನೆಟ್ಟಿದ್ದ ಕುಳಿಗಳು. ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಯಾರೋ ಆ ಕಂಬಗಳನ್ನು ಕಿತ್ತು, ಕುಳಿಗಳಿಗೆ ಸುಣ್ಣಕಲ್ಲಿನ ಪುಡಿಯನ್ನು ತುಂಬಿ, ಮೇಲೆ ದಿಣ್ಣೆಯನ್ನು ಏರಿಸಿದ್ದರು.