ಮುಖಗವಸಿನ ಮೂರು ಪದರ

ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾವನ್ನು ಜಗದ್ವ್ಯಾಪಿ ಪಿಡುಗೆಂದು ಸಾರಿದ್ದು 2020ರ ಮಾರ್ಚ್ 11ರಂದು. ಅದೇ ತಿಂಗಳ 25ರಿಂದ ದೇಶವೇ ಬಾಗಿಲಿಕ್ಕಿಕೊಂಡಿತು. ವೈದ್ಯರಿಗೂ ದಾದಿಯರಿಗೂ ಬೇಕಾದ ಮುಖಗವಸುಗಳು ದುರ್ಲಭವಾದವು. ಆಗ ನಾಡಿನ ಸ್ವಸಹಾಯ ಸಂಘಗಳ ಸ್ತ್ರೀಯರು ಹೊಲಿಗೆಯಂತ್ರಗಳ ಮುಂದೆ ಕುಳಿತು ಬಟ್ಟೆಯ ಗವಸುಗಳನ್ನು ಹೊಲಿದರು. ‘ಮುಖಗವಸು’ ವೈಯಾಕರಣರಿಗೆ ಅರಿಸಮಾಸವಾದರೂ ಆ ವರ್ಷ ಜನತೆಗೆ ಮಿತ್ರನೇ ಆಯಿತು.

ಇದರ ತತ್ತ್ವವು ನವಲಗುಂದ, ಕುಂದಗೋಳ, ಕಲಘಟಗಿಗಳ ತಾಯಂದಿರಿಗೆ ಹೊಸದಲ್ಲ. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಅವರು ಕೌದಿ ಹೊಲಿಯುತ್ತಾರೆ. ಒಂದು ಪದರ ತಡೆಯದ ಚಳಿಯನ್ನು ಹಲವು ಪದರಗಳು ತಡೆಯುತ್ತವೆ. ಅಂತೆಯೇ ಕೆಮ್ಮು, ಸೀನು, ಮಾತುಗಳೊಡನೆ ಹೊಮ್ಮುವ ತುಂತುರು ಒಂದು ಪದರದ ಎಳೆಗಳ ನಡುವೆ ನುಸುಳಿದರೂ ಮುಂದಿನದರಲ್ಲಿ ಸಿಕ್ಕಿಕೊಳ್ಳುತ್ತದೆ. 2020ರ ಜೂನ್ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಬಟ್ಟೆಯ ಗವಸಿಗೆ ಮೂರು ಪದರಗಳನ್ನು ಸೂಚಿಸಿತು.

ಆದರೆ ರೋಗಿಯ ಶುಶ್ರೂಷೆಗೆ ನಿಂತವರಿಗೆ ಬಟ್ಟೆಯದು ಸಾಲದು. ಸೂಕ್ಷ್ಮ ಕಣಗಳನ್ನು ಸೋಸುವ ಎನ್-95 ಬೇಕು. ಜನಸಾಮಾನ್ಯರು ಬಟ್ಟೆಯ ಗವಸನ್ನು ಧರಿಸಿದಷ್ಟೂ ವೈದ್ಯಕೀಯ ಗವಸುಗಳು ಆಸ್ಪತ್ರೆಗೆ ಉಳಿಯುವುವು. ಮನೆಯಲ್ಲಿ ಹೊಲಿದ ಗವಸು ಆರೋಗ್ಯ ಸೇವಕರಿಗೆ ನೆರವಾದದ್ದು ಮುಖ್ಯವಾಗಿ ಈ ಬಗೆಯಲ್ಲಿ.

ಇನ್ನೊಂದು ಮಾತನ್ನು ದಾನಿಗಳೂ ಶಿಕ್ಷಕರೂ ಮರೆಯಲಾಗದು. ಮನೆಮನೆಗೆ ತೆರಳಿ ಜ್ವರಪೀಡಿತರನ್ನು ಗುರುತಿಸಿದ ಆಶಾ ಕಾರ್ಯಕರ್ತೆಯರು 2020ರ ಜುಲೈಯಲ್ಲಿ ಮಾಸಿಕ 12,000 ರೂಪಾಯಿ ಗೌರವಧನವನ್ನೂ ರಕ್ಷಣಾ ಸಾಮಗ್ರಿಯನ್ನೂ ಕೇಳಿ ರಾಜ್ಯದಾದ್ಯಂತ ಮುಷ್ಕರ ಹೂಡಬೇಕಾಯಿತು. ನೆರೆಹೊರೆಯವರು ಪ್ರೀತಿಯಿಂದ ಹೊಲಿದುಕೊಟ್ಟದ್ದು ಶ್ಲಾಘ್ಯ. ಸೇವಕರಿಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಸಲ್ಲಿಸುವ ಹೊಣೆ ಅದರಿಂದ ತೀರುವುದಿಲ್ಲ.