ಒರೆಗಲ್ಲಾದ ಜವೆಗೋಧಿ

ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಎರೆಭೂಮಿಯಲ್ಲಿ ಜವೆಗೋಧಿಯೆಂದೂ ಸದಕವೆಂದೂ ಖಪಲಿಯೆಂದೂ ಕರೆಯಿಸಿಕೊಳ್ಳುವ ಧಾನ್ಯವೊಂದುಂಟು. ಒಕ್ಕಿದರೂ ಹೊಟ್ಟು ಬಿಡದ, ಕುಟ್ಟಿದ ಹೊರತು ಅಡಿಗೆಗೆ ಒದಗದ, ಆದರೂ ಹುಗ್ಗಿಗೂ ಶಾವಿಗೆಗೂ ಸರಿಮಿಗಿಲಿಲ್ಲವೆಂದು ಆ ಸೀಮೆಯ ಗೃಹಿಣಿಯರು ಮೆಚ್ಚುವ ಈ ಗೋಧಿಗೆ ಅಡಿಗೆಮನೆಯ ಆಚೆ ಇನ್ನೊಂದು ಕೀರ್ತಿಯಿರುವುದನ್ನು ಉಣ್ಣುವವರಲ್ಲಿ ಬಹುಮಂದಿ ಅರಿಯರು. ಅಮೆರಿಕದ ಮಿನ್ನೆಸೋಟದಲ್ಲಿ ಸ್ಟಾಕ್‌ಮನ್ ಮತ್ತು ಲೆವೀನ್ ಎಂಬ ಸಸ್ಯರೋಗ ತಜ್ಞರು ಕಾಂಡದ ತುಕ್ಕುರೋಗದ ಪಂಗಡಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸಲು 1922ರಲ್ಲಿ ಗೊತ್ತುಪಡಿಸಿದ 12 ಗೋಧಿಗಳ ಪಟ್ಟಿಯಲ್ಲಿ ಒಂದು ಹೆಸರು ಖಪ್ಲಿ. ನಮ್ಮ ಕಡೆಯ ಒಕ್ಕಲಿಗನ ಕಾಳು ರೋಗವನ್ನು ಒರೆಹಚ್ಚುವ ಕಲ್ಲಾಗಿ ಹೀಗೆ ಸಾಗರದಾಚೆ ಸ್ಥಾನ ಪಡೆಯಿತು.

ತುಕ್ಕುರೋಗವು ಶಿಲೀಂಧ್ರಜನ್ಯ. ಅದರ ಹುಡಿ ದೇವರ ಭಂಡಾರವನ್ನು ನೆನಪಿಗೆ ತರುವುದರಿಂದ ನಮ್ಮಲ್ಲಿ ಭಂಡಾರ ರೋಗವೆಂಬ ಹೆಸರೂ ಬಂದಿದೆ. ಎಲೆಯ ಮೇಲೆ ಕಂದು, ಕಾಂಡದ ಮೇಲೆ ಮೊದಲು ಇಟ್ಟಿಗೆಯ ಕೆಂಪಾಗಿ ಕಡೆಗೆ ಕಪ್ಪು, ತಂಪು ಸೀಮೆಗಳಲ್ಲಿ ಗೆರೆಗೆರೆಯಾಗಿ ಹಳದಿ, ಹೀಗೆ ಮೂರು ಬಗೆ. ಜೀವಂತ ಸಸ್ಯದ ಹೊರತು ಬೇರೆಲ್ಲಿಯೂ ಹೊಟ್ಟೆ ಹೊರೆಯಲಾರದ ಈ ಪರಾವಲಂಬಿಯ ದೌರ್ಬಲ್ಯವೇ ಸಸ್ಯದ ಆಯುಧವಾಗುವುದನ್ನು ಮುಂದೆ ಕಾಣುವೆವು.

ಪರೀಕ್ಷೆಯು ಗಾಜಿನ ಮನೆಯಲ್ಲಿ ಮೊದಲಾಗುತ್ತದೆ. ಪುಟ್ಟ ಕುಂಡಗಳಲ್ಲಿ ಬಿತ್ತಿದ ಸಸಿಗಳು ಮೊದಲನೆಯ ಎಲೆಯನ್ನು ಪೂರ್ತಿಯಾಗಿ ಬಿಡಿಸಿದೊಡನೆ, ಒಂದೇ ಪಂಗಡದ್ದೆಂದು ಖಚಿತವಾದ ಬೀಜಾಣುಗಳನ್ನು ಅವುಗಳ ಮೇಲೆ ಸವರಿ ಅಥವಾ ಸಿಂಪಡಿಸಿ, ಇಬ್ಬನಿ ಹನಿಗಟ್ಟುವಷ್ಟು ತೇವವುಳ್ಳ ಕೋಣೆಯಲ್ಲಿ ಒಂದೆರಡು ಇರುಳು ಇರಿಸುತ್ತಾರೆ. ಎರಡು ವಾರಗಳ ತರುವಾಯ ಎಲೆಯೇ ಉತ್ತರ ಹೇಳುತ್ತದೆ. ಸೋತ ಎಲೆಯ ಮೇಲೆ ಗುಳ್ಳೆಗಳು ಒಡೆದು ಹುಡಿ ಉದುರುತ್ತಿರುತ್ತದೆ. ಗೆದ್ದ ಎಲೆಯ ಮೇಲಾದರೋ ಸೂಜಿಮೊನೆಯಷ್ಟು ಬಿಳಿಚಿದ ಚುಕ್ಕೆಗಳು ಮಾತ್ರ. ಶತ್ರುವು ಒಳಹೊಕ್ಕ ಕ್ಷಣವೇ ಅದರ ಸುತ್ತಲಿನ ಜೀವಕೋಶಗಳು ತಾವಾಗಿಯೇ ಸತ್ತು, ಬದುಕಿರುವ ಆಹಾರವಿಲ್ಲದೆ ಅದು ಉಪವಾಸ ಬೀಳುವಂತೆ ಮಾಡಿದುದರ ಗುರುತೇ ಆ ಚುಕ್ಕೆ. ಸೊನ್ನೆಯಿಂದ ನಾಲ್ಕರವರೆಗಿನ ಅಂಕಗಳಲ್ಲಿ ಇದನ್ನು ಬರೆದುಕೊಳ್ಳುವವನು, ನನ್ನ ಎಣಿಕೆಯಲ್ಲಿ, ಒಂದು ಯುದ್ಧದ ವೃತ್ತಾಂತವನ್ನೇ ಬರೆದುಕೊಳ್ಳುತ್ತಿರುವನು.

ಆದರೆ ಸಸಿಯ ಸೋಲು ಬೆಳೆದ ಪೈರಿನ ಸೋಲಲ್ಲ. ಸಸಿಯಾಗಿದ್ದಾಗ ಸೋತುದು ಪ್ರೌಢವಾದಾಗ ರೋಗವನ್ನು ನಿಧಾನಗೊಳಿಸಿ ಕಾಳು ತುಂಬಿಸಿಕೊಳ್ಳುವುದೂ ಉಂಟು. ಆದುದರಿಂದ ಹೊಲದ ಪರೀಕ್ಷೆ ಅವಶ್ಯ. ಪರೀಕ್ಷಿಸತಕ್ಕ ತಳಿಗಳ ನಡುನಡುವೆಯೂ ತಾಕಿನ ಸುತ್ತಲೂ ತುಕ್ಕಿಗೆ ತಟ್ಟನೆ ಬಲಿಯಾಗುವ ಗೋಧಿಯ ಸಾಲುಗಳನ್ನು ಬೇಕೆಂದೇ ಬಿತ್ತಿ, ಬೀಜಾಣು ಬೆರೆಸಿದ ನೀರನ್ನು ಸಂಜೆಯ ತಂಪಿನಲ್ಲಿ ಅವುಗಳಿಗೆ ಸಿಂಪಡಿಸಿ, ಕೆಲವು ಕಾಂಡಗಳಿಗೆ ಸಿರಿಂಜಿನಿಂದ ಚುಚ್ಚಿ, ಮೇಲಿಂದ ಮೇಲೆ ನೀರು ಹಾಯಿಸಿ ರೋಗವನ್ನು ಪೋಷಿಸುವರು. ಬೆಳೆ ಉಳಿಸುವುದಕ್ಕೆಂದೇ ಹುಟ್ಟಿದ ಶಾಸ್ತ್ರವು ರೋಗವನ್ನು ಇಷ್ಟು ಅಕ್ಕರೆಯಿಂದ ಸಾಕುವ ದೃಶ್ಯ ಕೃಷಿಕನ ಕಣ್ಣಿಗೆ ವಿಪರೀತವಾಗಿ ತೋರೀತು. ಯಾವ ಸಾಲೂ ಅದೃಷ್ಟಬಲದಿಂದ ತಪ್ಪಿಸಿಕೊಂಡು ವೀರನೆಂಬ ಹೆಸರು ಪಡೆಯಬಾರದೆಂಬುದೇ ಇದರ ಉದ್ದೇಶ. ಸಾಯುವುದಕ್ಕಾಗಿಯೇ ಬಿತ್ತಲ್ಪಟ್ಟ ಆ ಸಾಲುಗಳು ಇಲ್ಲದಿದ್ದರೆ ಉಳಿದವುಗಳ ಶೌರ್ಯಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ.

ಭಾರತದಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿದವರು ಆಗ್ರಾ ಕಾಲೇಜಿನ ಕರಮ್‌ಚಂದ್ ಮೆಹತಾ. ಬಯಲಿನ ಬೇಸಗೆಯ ಉರಿಗೆ ತುಕ್ಕಿನ ಬೀಜಾಣುಗಳು ಅಳಿದುಹೋಗುವುವಷ್ಟೆ. ಹಾಗಿದ್ದೂ ವರ್ಷವರ್ಷವೂ ರೋಗ ಮರಳುವುದು ಎಲ್ಲಿಂದ? ಉತ್ತರದಲ್ಲಿ ಹಿಮಾಲಯ, ದಕ್ಷಿಣದಲ್ಲಿ ನೀಲಗಿರಿ ಪಳನಿ ಬೆಟ್ಟಗಳ ತಂಪಿನಲ್ಲಿ ಅದು ಜೀವ ಹಿಡಿದಿದ್ದು ಗಾಳಿಯೊಡನೆ ಬಯಲಿಗಿಳಿಯುವುದೆಂದು ಅವರು ವರ್ಷಗಟ್ಟಲೆ ದುಡಿದು ಕಂಡುಕೊಂಡರು. ಅವರು ಸಿಮ್ಲಾದ ಫ್ಲವರ್‌ಡೇಲಿನಲ್ಲಿ ತೆರೆದ ಕೇಂದ್ರ ಇಂದಿಗೂ ತುಕ್ಕಿನ ಪಂಗಡಗಳ ಲೆಕ್ಕವಿಡುತ್ತಿದೆ. ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ ರೋಗದ ತವರಿನಲ್ಲಿಯೇ ಗೋಧಿಯನ್ನು ಬೆಳೆದು ಪರೀಕ್ಷಿಸುವ ಕೇಂದ್ರವಿದೆ.

ಇಷ್ಟೆಲ್ಲ ಎಚ್ಚರ ಏತಕ್ಕೆಂಬುದಕ್ಕೆ 1998ರಲ್ಲಿ ಉಗಾಂಡದಲ್ಲಿ ಕಾಣಿಸಿಕೊಂಡ ಕಾಂಡದ ತುಕ್ಕೇ ಸಾಕ್ಷಿ. ರೈ ಧಾನ್ಯದಿಂದ ಗೋಧಿಗೆ ತಂದ ಎಸ್‌ಆರ್ 31 ಎಂಬ ಜೀನನ್ನು ನಂಬಿ ಲೋಕದ ಎಷ್ಟೋ ತಳಿಗಳು ನಿಶ್ಚಿಂತವಾಗಿದ್ದಾಗ, ಯುಜಿ 99 ಎಂದು ಮುಂದೆ ಹೆಸರಾದ ಈ ಪಂಗಡ ಆ ಕೋಟೆಯನ್ನು ಒಡೆಯಿತು. ವೃದ್ಧರಾಗಿದ್ದ ಗೋಧಿತಜ್ಞ ನಾರ್ಮನ್ ಬೋರ್ಲಾಗ್ ಜಗತ್ತನ್ನು ಎಚ್ಚರಿಸಿದರು. 2005ರಿಂದ ಕೀನ್ಯದ ನ್ಜೋರೊದಲ್ಲಿ ನಾನಾ ದೇಶಗಳ ತಳಿಗಳು, ನಮ್ಮವೂ ಸೇರಿ, ಆ ರೋಗಕ್ಕೆ ಎದುರಾಗಿ ನಿಂತು ಪರೀಕ್ಷೆಗೊಳಗಾದುವು. ಹೆಸರುವಾಸಿಯಾದ ಎಷ್ಟೋ ತಳಿಗಳು ಅಲ್ಲಿ ತಲೆಬಾಗಿದುವು.

ಆಗ ಪುನಃ ಮುಂದೆ ಬಂದುದು ಜವೆಗೋಧಿಯ ಮನೆತನ. ಯಾರೋಸ್ಲಾವ್ ಎಂಬ ಜವೆಗೋಧಿಯನ್ನು ಮಾರ್ಕ್ವಿಸ್ ಗೋಧಿಯೊಡನೆ ಸಂಕರಿಸಿ ಮೆಕ್‌ಫ್ಯಾಡನ್ ಎಂಬಾತ ಪಡೆದ ‘ಹೋಪ್’ ತಳಿಯ ಎಸ್‌ಆರ್ 2 ಜೀನು, ಒಂದೇ ಏಟಿಗೆ ಕೊಲ್ಲದೆ ರೋಗವನ್ನು ಮಂದಗೊಳಿಸುವ ಗುಣದಿಂದ ದಶಕಗಳ ಕಾಲ ಕೈಬಿಡದೆ ಉಳಿದಿದೆ. ಖಪ್ಲಿಯಲ್ಲಿ ದೊರೆತ ಎಸ್‌ಆರ್ 13 ಜೀನಾದರೋ ಯುಜಿ 99ಕ್ಕೂ ಮಣಿಯದೆ ನಿಂತಿತು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಬೀಳದ ಕಾಂಡವುಳ್ಳ ಗಿಡ್ಡ ಜವೆಗೋಧಿಗಳನ್ನು, ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಮೊದಲಾದವುಗಳನ್ನು, ರೈತರಿಗೆ ಕೊಟ್ಟಿದ್ದಾರೆ. ಲೋಕಕ್ಕೆ ಒರೆಗಲ್ಲಾದ ಮನೆತನದಲ್ಲಿ ಹುಟ್ಟಿದ ಇಂಥ ಹೊಸ ತಳಿಗಳೂ ಹೊಲಕ್ಕೆ ಬರುವ ಮುನ್ನ ಆ ಬಲಿಯ ಸಾಲುಗಳ ಪಕ್ಕದಲ್ಲಿ ನಿಂತು ತುಕ್ಕಿನ ಹುಡಿಯನ್ನು ಮೈಮೇಲೆ ಸುರಿಸಿಕೊಳ್ಳಲೇಬೇಕು.